ವಿದೇಶದಲ್ಲಿ ಮೊದಲ ಬ್ಲೂಸ್-ರಾಕ್ ಶೋ: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸಕ್ಕೋ ಓದಿಗೋ ಊರು ಬಿಟ್ಟ ನಮ್ಮ ಕಡೆಯ ಹುಡುಗ ಹುಡುಗಿಯರು ಫೋನಿನಲ್ಲಿ ಕೇಳುತ್ತಾ ಇರುವ ಪ್ರಶ್ನೆಗಳು ಇವು. ಮಂಜೇಶ್ವರ, ಉಪ್ಪಳ, ಕುಂಬಳೆ, ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಎಲ್ಲ ಕಡೆಯವರೂ ಇದ್ದಾರೆ. ಒಬ್ಬರು ದುಬೈಯಲ್ಲಿ, ಇನ್ನೊಬ್ಬರು ಐರ್ಲೆಂಡಿನ ಆಸ್ಪತ್ರೆಯಲ್ಲಿ ನರ್ಸ್, ಮತ್ತೊಬ್ಬರು ಜರ್ಮನಿಯಲ್ಲಿ ಓದುತ್ತಿದ್ದಾರೆ. ನಾನು ಇರುವುದು ಶಿಕಾಗೋದಲ್ಲಿ. ಹಾಗಾಗಿ ಉದಾಹರಣೆಗಳು ಈ ಊರಿನವೇ ಜಾಸ್ತಿ. ಊರಲ್ಲಿ ಕೂತು ಮಕ್ಕಳ ಚಿಂತೆ ಮಾಡುವ ಅಪ್ಪ ಅಮ್ಮಂದಿರ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಬ್ಲೂಸ್-ರಾಕ್ ಅಂದರೆ ಎಂತದು? ರಾಕ್ ಅಂದರೆ ಬರೀ ಬೊಬ್ಬೆ ಅಂತ ಕೇಳಿದ್ದೇನೆ.

ಬ್ಲೂಸ್ ಹುಟ್ಟಿದ್ದು ಅಮೆರಿಕದ ದಕ್ಷಿಣದಲ್ಲಿ, ಮಿಸಿಸಿಪ್ಪಿ ಕಡೆಯ ಹತ್ತಿ ಹೊಲಗಳ ಆಸುಪಾಸಿನಲ್ಲಿ. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ಮಕ್ಕಳು, ಮೊಮ್ಮಕ್ಕಳು ಕಟ್ಟಿದ ಸಂಗೀತ ಅದು. ಮೊದಮೊದಲು ಒಂದು ಗಿಟಾರ್, ಒಂದು ಗಂಟಲು, ಅಷ್ಟೇ. ಶಿಕಾಗೋಗೆ ಬಂದ ಮೇಲೆ ಎಲೆಕ್ಟ್ರಿಕ್ ಗಿಟಾರ್ ಕೈಗೆ ಬಂತು, ಡ್ರಮ್ಸ್ ಸೇರಿತು. 1960ರ ದಶಕದಲ್ಲಿ ಇಂಗ್ಲೆಂಡಿನ ಹುಡುಗರು ಆ ರೆಕಾರ್ಡುಗಳನ್ನು ಕೇಳಿ ಕೇಳಿ ಕಲಿತರು. ಇನ್ನಷ್ಟು ಜೋರು ಮಾಡಿ, ಗಿಟಾರ್ ಸೋಲೋಗಳನ್ನು, ಅಂದರೆ ಗಿಟಾರ್ ಒಂದೇ ಮುಂದಾಗಿ ನುಡಿಯುವ ಭಾಗಗಳನ್ನು, ಉದ್ದ ಮಾಡಿ ನುಡಿಸಿದರು. ಜಾನ್ ಮೇಯಲ್ 1963ರಲ್ಲಿ ಕಟ್ಟಿದ ಬ್ಲೂಸ್‌ಬ್ರೇಕರ್ಸ್ ತಂಡದಲ್ಲಿ ಎರಿಕ್ ಕ್ಲಾಪ್ಟನ್, ಪೀಟರ್ ಗ್ರೀನ್, ಮಿಕ್ ಟೇಲರ್ ಒಬ್ಬರಾದ ಮೇಲೆ ಒಬ್ಬರು ಗಿಟಾರ್ ಹಿಡಿದರು. ರೋಲಿಂಗ್ ಸ್ಟೋನ್ಸ್ ತಂಡ ತನ್ನ ಹೆಸರನ್ನು ತೆಗೆದುಕೊಂಡದ್ದೇ ಶಿಕಾಗೋದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಅವರ ಹಾಡೊಂದರಿಂದ. ಆಮೇಲೆ ಅಮೆರಿಕದ ಹೆಂಡ್ರಿಕ್ಸ್, ಸ್ಟೀವಿ ರೇ ವಾನ್, ಐರ್ಲೆಂಡಿನ ರೋರಿ ಗ್ಯಾಲಹರ್, ಹೀಗೆ ಬೆಳೆಯಿತು.

ಜೋರು ಇರುತ್ತದೆ, ನಿಜ. ಆದರೆ ಒಳ್ಳೆಯ ಬ್ಯಾಂಡ್ ಎಲ್ಲಿ ತಗ್ಗಿಸಬೇಕು ಅಂತಲೂ ಬಲ್ಲದು. ಅದನ್ನು ಕೇಳಲಿಕ್ಕೇ ಹೋಗಬೇಕು.

ಹಾಡುಗಳ ಗುರುತೇ ಇಲ್ಲ. ಕೇಳಿ ತಯಾರಾಗಿ ಹೋಗಬೇಕಾ?

ಬೇಡ. ಒಂದು ವಿಷಯ ಗೊತ್ತಿದ್ದರೆ ಸಾಕು. ಬ್ಲೂಸಿನ ಹೆಚ್ಚಿನ ಹಾಡುಗಳಿಗೆ 12 ಬಾರ್‌ಗಳ ಒಂದೇ ಸುತ್ತು. ಒಂದು ಬಾರ್ ಅಂದರೆ ನಾಲ್ಕು ಎಣಿಕೆ. ಸಂಗೀತ ಕ್ಲಾಸಿಗೆ ಹೋದವರಿಗೆ ಇದನ್ನು ಹೀಗೆ ಹೇಳಬಹುದು: ಷಡ್ಜದ ಮೇಲೆ ಕಟ್ಟಿದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ನಾಲ್ಕು ಬಾರ್, ಶುದ್ಧ ಮಧ್ಯಮದ ಮೇಲೆ ಎರಡು, ತಿರುಗಿ ಷಡ್ಜಕ್ಕೆ ಎರಡು, ಪಂಚಮದ್ದು ಒಂದು, ಮಧ್ಯಮದ್ದು ಒಂದು, ಕೊನೆಗೆ ಷಡ್ಜದ್ದು ಎರಡು. ಅಲ್ಲಿಂದ ಪುನಃ ಮೊದಲಿಗೆ. ಮಾತು ಕೂಡ ಇದಕ್ಕೆ ಹೊಂದಿಕೊಂಡಿರುತ್ತದೆ. ಒಂದು ಸಾಲು ಹಾಡುತ್ತಾರೆ, ಅದನ್ನೇ ಇನ್ನೊಮ್ಮೆ ಹಾಡುತ್ತಾರೆ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಬರುತ್ತದೆ. ಪ್ರತಿ ಸಾಲು ಮುಗಿದ ಮೇಲೆ ಸ್ವಲ್ಪ ಜಾಗ ಉಳಿಯುತ್ತದೆ, ಅಲ್ಲಿ ಗಿಟಾರ್ ಮಾತಾಡುತ್ತದೆ.

ಎರಡು ಹಾಡು ಆಗುವಷ್ಟರಲ್ಲಿ ಸುತ್ತು ಎಲ್ಲಿ ತಿರುಗುತ್ತದೆ ಅಂತ ನಿಮ್ಮ ಕಾಲಿಗೇ ಗೊತ್ತಾಗುತ್ತದೆ.

ಇನ್ನೊಂದು. ಗಾಯಕರು ಹಿಡಿಯುವ ಗಾಂಧಾರ ಪಿಯಾನೋದ ಮನೆಗಳಲ್ಲಿ ಸಿಗುವುದಿಲ್ಲ. ಅದು ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ಇರುತ್ತದೆ. ಗಿಟಾರ್‌ನಲ್ಲಿ ತಂತಿಯನ್ನು ಬೆರಳಿನಿಂದ ತಳ್ಳಿ ಆ ಜಾಗಕ್ಕೆ ಏರಿಸುತ್ತಾರೆ. ಗಮಕ ಕೇಳಿ ಬೆಳೆದ ಕಿವಿಗೆ ಅದು ತಟ್ಟನೆ ಹಿಡಿಯುತ್ತದೆ.

ಇದು ನಮ್ಮ ಸಂಗೀತ ಅಲ್ಲವಲ್ಲ. ಅಲ್ಲಿ ಹೋಗಿ ನಿಂತರೆ ಹೊರಗಿನವರ ಹಾಗೆ ಅನಿಸುವುದಿಲ್ವಾ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದೇ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

1910ರಿಂದ 1970ರ ಒಳಗೆ ಸುಮಾರು 60 ಲಕ್ಷ ಕಪ್ಪು ಜನ ಅಮೆರಿಕದ ದಕ್ಷಿಣ ಬಿಟ್ಟು ಬೇರೆ ಕಡೆಗೆ, ಹೆಚ್ಚಾಗಿ ಉತ್ತರದ ಪಟ್ಟಣಗಳಿಗೆ ಹೋದರು. ದಕ್ಷಿಣದಲ್ಲಿ ಗೇಣಿ ಬೇಸಾಯದ ಸಾಲ ತೀರುತ್ತಿರಲಿಲ್ಲ, ಬಣ್ಣದ ಹೆಸರಿನ ಕಾನೂನು, ಹೊಡೆತ, ಕೊಲೆ. ಮಿಸಿಸಿಪ್ಪಿಯಿಂದ ಇಲಿನಾಯ್ ಸೆಂಟ್ರಲ್ ರೈಲು ಹತ್ತಿದರೆ ಶಿಕಾಗೋ. ಮಡ್ಡಿ ವಾಟರ್ಸ್ ಬಂದದ್ದು 1943ರಲ್ಲಿ. ಊರಲ್ಲಿ ತೋಟದ ಟ್ರ್ಯಾಕ್ಟರ್ ಓಡಿಸುತ್ತಿದ್ದವರು ಇಲ್ಲಿ ಹಗಲು ಫ್ಯಾಕ್ಟರಿ ಕೆಲಸ, ಲಾರಿ ಓಡಿಸುವ ಕೆಲಸ ಮಾಡಿದರು. ರಾತ್ರಿ ಬಾರುಗಳಲ್ಲಿ ಹಾಡಿದರು. ಆ ಗಲಾಟೆಯಲ್ಲಿ ಮರದ ಗಿಟಾರ್ ಕೇಳುತ್ತಿರಲಿಲ್ಲ, ಅದಕ್ಕೇ ಎಲೆಕ್ಟ್ರಿಕ್ ಗಿಟಾರ್ ಹಿಡಿದರು. ಲೂಸಿಯಾನಾದ ಗೇಣಿ ಒಕ್ಕಲಿನ ಮನೆಯಲ್ಲಿ ಹುಟ್ಟಿದ ಗಿಟಾರ್ ವಾದಕ ಬಡ್ಡಿ ಗೈ 1957ರಲ್ಲಿ ಬಂದಾಗ ಅವರಿಗೆ 21 ವರ್ಷ. ಇವರ ಹಾಡುಗಳನ್ನು ರೆಕಾರ್ಡ್ ಮಾಡಿದ ಚೆಸ್ ಕಂಪನಿಯ ಅಣ್ಣ ತಮ್ಮ ಇಬ್ಬರೂ ಪೋಲೆಂಡಿನಿಂದ ವಲಸೆ ಬಂದವರು. ಸೌತ್ ಮಿಶಿಗನ್ ಅವೆನ್ಯೂದಲ್ಲಿ 2120ನೇ ನಂಬರಿನ ಆ ಕಟ್ಟಡ ಈಗಲೂ ಇದೆ. ಬ್ಲೂಸ್ ಹಾಡು ಬರೆಯುತ್ತಿದ್ದ ವಿಲ್ಲಿ ಡಿಕ್ಸನ್ ಅವರ ಕುಟುಂಬದವರು ಅಲ್ಲಿ ಬ್ಲೂಸ್ ಹೆವನ್ ಫೌಂಡೇಶನ್ ನಡೆಸುತ್ತಾರೆ. ಶೋಗೆ ಮೊದಲು ಅದನ್ನು ನೋಡಿ ಬನ್ನಿ ಅಂತ ಎಲ್ಲರಿಗೂ ಹೇಳುತ್ತೇನೆ.

ಅವರು ಪಟ್ಟ ಕಷ್ಟವೂ ನಮ್ಮ ಹೊರಡುವಿಕೆಯೂ ಒಂದೇ ಅಂತ ಯಾರೂ ಹೇಳಬಾರದು. ನಾವು ವೀಸಾ ಹಿಡಿದು ವಿಮಾನದಲ್ಲಿ ಬಂದವರು. ಆದರೆ ಈ ಹಾಡುಗಳ ತುಂಬಾ ಇರುವುದು ರೈಲು, ಬಿಟ್ಟು ಬಂದ ಮನೆ, ಬಾಡಿಗೆ ಕೋಣೆ, ಬಾರದ ಕಾಗದ. ಅದನ್ನು ಕಟ್ಟಿದವರಿಗೆ ಮರ್ಯಾದೆ ಕೊಟ್ಟು ಕೇಳಲಿಕ್ಕೆ ನಿಮಗೆ ಪೂರ್ತಿ ಹಕ್ಕಿದೆ. ಕ್ಲಬ್ಬಿನಲ್ಲಿ ಯಾರೂ ನಿಮ್ಮನ್ನು ಪರೀಕ್ಷೆ ಮಾಡುವುದಿಲ್ಲ. ಪಕ್ಕದವರು ಎಲ್ಲಿಂದ ಅಂತ ಕೇಳಿದರೆ ಕಾಸರಗೋಡು ಅಂತಲೇ ಹೇಳಿ. ಕೇರಳದ ತುದಿ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತುಳು, ಮಲಯಾಳ ಅಂದರೆ ಇಂಟರ್ವಲ್ಲಿನಲ್ಲಿ ಮಾತಾಡಲಿಕ್ಕೆ ಅದೇ ಸಾಕಾಗುತ್ತದೆ.

ಮೊದಲ ಸಲ ದೊಡ್ಡ ಹಾಲ್ ಒಳ್ಳೆಯದಾ, ಸಣ್ಣ ಕ್ಲಬ್ಬಾ?

ಸಣ್ಣ ಕ್ಲಬ್. ಇದರಲ್ಲಿ ನನಗೆ ಎರಡು ಮಾತಿಲ್ಲ. ದೊಡ್ಡ ಹೆಸರಿನ ಹಿಂದೆ ಹೋಗಿ, ಸ್ಟೇಡಿಯಂನ ಮೇಲಿನ ಸಾಲಿನಲ್ಲಿ ಕೂತು ಪರದೆ ನೋಡುವುದಕ್ಕಿಂತ, ಗಿಟಾರ್ ನುಡಿಸುವವರ ಬೆರಳು ಕಾಣುವ ಜಾಗ ನೂರು ಪಾಲು ಮೇಲು.

ಶಿಕಾಗೋದಲ್ಲಿ ಬಡ್ಡಿ ಗೈ ಅವರದ್ದೇ ಲೆಜೆಂಡ್ಸ್ 1989ರಿಂದ ನಡೆಯುತ್ತಿದೆ. ಎಷ್ಟೋ ವರ್ಷ ಜನವರಿ ತಿಂಗಳಲ್ಲಿ ಅವರೇ ಅಲ್ಲಿ ನುಡಿಸಿದ್ದಾರೆ. ಕಿಂಗ್‌ಸ್ಟನ್ ಮೈನ್ಸ್ 1968ರದ್ದು. ಅಲ್ಲಿ ಎರಡು ವೇದಿಕೆ, ಒಂದು ಬ್ಯಾಂಡ್ ನಿಲ್ಲಿಸಿದ ಕೂಡಲೇ ಇನ್ನೊಂದರ ಸರದಿ. ಆಸ್ಟಿನ್‌ನಲ್ಲಿ 1975ರಲ್ಲಿ ಶುರುವಾದ ಆಂಟೋನ್ಸ್ ಇದೆ. ಲಂಡನ್ನಿನವರು ಕಿಂಗ್ಲಿ ಸ್ಟ್ರೀಟಿನ ಪುಟ್ಟ ಬ್ಲೂಸ್ ಬಾರ್ ಹುಡುಕಿಕೊಳ್ಳಿ. ಐರ್ಲೆಂಡಿನಲ್ಲಿ ಇರುವ ನರ್ಸುಗಳೇ, ಡೊನೆಗಾಲ್‌ನ ಬ್ಯಾಲಿಶಾನನ್ ರೋರಿ ಗ್ಯಾಲಹರ್ ಹುಟ್ಟಿದ ಊರು. ಅವರ ಪ್ರತಿಮೆ ಇದೆ, ಬೇಸಿಗೆ ಶುರುವಾಗುವ ಹೊತ್ತಿಗೆ ಅವರ ಹೆಸರಿನ ಹಬ್ಬವೂ ನಡೆಯುತ್ತದೆ. ರಜೆಯನ್ನು ಅದಕ್ಕೆ ಸರಿಯಾಗಿ ಹಾಕಿಕೊಳ್ಳಿ.

ದುಡ್ಡು ಖರ್ಚು ಮಾಡಲಿಕ್ಕೆ ಮನಸ್ಸಿಲ್ಲದವರಿಗೆ ಜೂನ್ ತಿಂಗಳ ಶಿಕಾಗೋ ಬ್ಲೂಸ್ ಫೆಸ್ಟಿವಲ್ ಇದೆ. ಮಿಲೇನಿಯಂ ಪಾರ್ಕಿನಲ್ಲಿ, ಬಯಲಿನಲ್ಲೇ, ಟಿಕೆಟ್ ಇಲ್ಲ. ಅದು ಶುರುವಾದದ್ದು 1984ರಲ್ಲಿ, ನಮ್ಮ ಕಾಸರಗೋಡು ಜಿಲ್ಲೆ ಆದ ವರ್ಷವೇ.

ಟಿಕೆಟ್ ಎಲ್ಲಿ ತೆಗೆಯುವುದು?

ಕ್ಲಬ್ಬಿನ ಅಥವಾ ಬ್ಯಾಂಡಿನ ಸ್ವಂತ ವೆಬ್‌ಸೈಟಿನಿಂದ ಶುರು ಮಾಡಿ. ಅಲ್ಲಿಂದ ಹೋಗುವ ಲಿಂಕ್ ಸರಿಯಾಗಿರುತ್ತದೆ. ಗೂಗಲ್‌ನಲ್ಲಿ ಮೇಲೆ ಬರುವ ಜಾಹೀರಾತುಗಳು ಎಷ್ಟೋ ಸಲ ಮರುಮಾರಾಟದವರದ್ದು, ರೇಟು ದುಪ್ಪಟ್ಟು. ಅಮೆರಿಕದಲ್ಲಿ 2025ರ ಮೇ ತಿಂಗಳಿನಿಂದ ಫೀಸು ಎಲ್ಲ ಸೇರಿಸಿದ ಒಟ್ಟು ಬೆಲೆಯನ್ನು ಮೊದಲೇ ತೋರಿಸಬೇಕು ಅಂತ ನಿಯಮ ಬಂದಿದೆ. ಸಣ್ಣ ಕ್ಲಬ್ಬುಗಳಲ್ಲಿ ಬಾಗಿಲಿನಲ್ಲೇ ಕವರ್ ಚಾರ್ಜ್, ಅಂದರೆ ಪ್ರವೇಶದ ದುಡ್ಡು ಕೊಟ್ಟು ಹೋಗಬಹುದು.

ಐಡಿ ಕೇಳುತ್ತಾರಾ? ನನಗೆ 19.

ಕೇಳುತ್ತಾರೆ. ತಲೆ ನರೆತವರನ್ನೂ ಕೇಳುತ್ತಾರೆ. ಅಮೆರಿಕದಲ್ಲಿ ಮದ್ಯದ ವಯಸ್ಸು 21, ಅನೇಕ ಕ್ಲಬ್ಬುಗಳಿಗೆ ಅದಕ್ಕಿಂತ ಸಣ್ಣವರಿಗೆ ಪ್ರವೇಶವೇ ಇಲ್ಲ. ಟಿಕೆಟ್ ಪುಟದಲ್ಲಿ ‘21+’ ಅಂತ ಇದ್ದರೆ ನಿಮಗೆ ಅದು ಆಗಲಿಲ್ಲ, ‘ಆಲ್ ಏಜಸ್’ ಅಂತ ಇರುವುದನ್ನು ಹುಡುಕಿ. ಬ್ರಿಟನ್ನಿನಲ್ಲಿ 18. ಊರಿನ ಲೈಸೆನ್ಸ್, ಆಧಾರ್ ತೋರಿಸಿದರೆ ಬಾಗಿಲಿನವರು ತಲೆ ಆಡಿಸುತ್ತಾರೆ, ಅಷ್ಟೇ. ಅಲ್ಲಿನ ಸರಕಾರಿ ಐಡಿ ಆಗುವವರೆಗೆ ಅಸಲಿ ಪಾಸ್‌ಪೋರ್ಟೇ ಬೇಕು. ಅದನ್ನು ಒಳ ಜೇಬಿನಲ್ಲಿ ಇಟ್ಟುಕೊಳ್ಳಿ, ಕೋಟಿನ ಜೇಬಿನಲ್ಲಿ ಬೇಡ. ಕೋಟನ್ನು ಕೋಟ್-ಚೆಕ್‌ನಲ್ಲಿ ಕೊಟ್ಟುಬಿಡುತ್ತೀರಿ.

ಎಷ್ಟು ಹೊತ್ತಿಗೆ ಹೋಗಬೇಕು? ಟಿಕೆಟ್ಟಿನಲ್ಲಿ ‘ಡೋರ್ಸ್ 7’ ಅಂತ ಇದೆ.

ಏಳಕ್ಕೆ ಬಾಗಿಲು ತೆರೆಯುತ್ತದೆ ಅಂತ ಅರ್ಥ. ಎಂಟರ ಹೊತ್ತಿಗೆ ಓಪನರ್, ಅಂದರೆ ಮೊದಲ ಸಣ್ಣ ಬ್ಯಾಂಡ್. ಮುಖ್ಯ ಬ್ಯಾಂಡ್ ಒಂಬತ್ತರ ಸುಮಾರಿಗೆ. ಹಾಗಂತ ಒಂಬತ್ತಕ್ಕೆ ಹೋಗಬೇಡಿ. ಓಪನರ್‌ನವರು ಹೆಸರಿಲ್ಲದಿದ್ದರೂ ಜೀವ ಹಾಕಿ ನುಡಿಸುತ್ತಾರೆ, ಮುಂದಿನ ಜಾಗವೂ ಬೇಗ ಹೋದವರಿಗೇ ಸಿಗುತ್ತದೆ. ತಿರುಗಿ ಬರುವ ದಾರಿಯನ್ನು ಮಾತ್ರ ಹೋಗುವ ಮೊದಲೇ ನೋಡಿ. ಶಿಕಾಗೋದಲ್ಲಿ ರೆಡ್ ಲೈನ್, ಬ್ಲೂ ಲೈನ್ ರೈಲು 24 ಗಂಟೆಯೂ ಇದೆ. ಲಂಡನ್ನಿನಲ್ಲಿ ರಾತ್ರಿಯಿಡೀ ಟ್ಯೂಬ್ ಇರುವುದು ಶುಕ್ರವಾರ, ಶನಿವಾರ ಮಾತ್ರ, ಅದೂ ಎಲ್ಲ ಲೈನುಗಳಲ್ಲಿ ಇಲ್ಲ.

ನಾನು ಕುಡಿಯುವುದಿಲ್ಲ. ಮನೆಯಲ್ಲಿ ಸಸ್ಯಾಹಾರ. ತೊಂದರೆ ಆಗುತ್ತದಾ?

ಒಂದು ಸೋಡಾಕ್ಕೆ ನಿಂಬೆಹಣ್ಣು ಹಾಕಿಸಿ ಹಿಡಿದುಕೊಳ್ಳಿ. ಯಾರೂ ಕೇಳುವುದಿಲ್ಲ. ಕೆಲವು ಕ್ಲಬ್ಬುಗಳಲ್ಲಿ ತಲೆಗೆ ಎರಡು ಡ್ರಿಂಕ್ ತೆಗೆದುಕೊಳ್ಳಲೇಬೇಕು ಅಂತ ಇರುತ್ತದೆ, ಜ್ಯೂಸು ಕೂಡ ಆ ಲೆಕ್ಕಕ್ಕೆ ಬರುತ್ತದಾ ಅಂತ ಕೇಳಿಕೊಳ್ಳಿ. ಊಟ ಮಾಡಿಯೇ ಹೋಗಿ. ಕ್ಲಬ್ಬಿನಲ್ಲಿ ಸಸ್ಯಾಹಾರಿಗೆ ಹೆಚ್ಚಾಗಿ ಸಿಗುವುದು ಫ್ರೈಸ್. ಮೂರು ಗಂಟೆ ನಿಲ್ಲಲಿಕ್ಕೆ ಅದು ಸಾಲುವುದಿಲ್ಲ.

ಅಮೆರಿಕದಲ್ಲಿ ಸೋಡಾ ಆದರೂ ಬಾರ್‌ನವರಿಗೆ ಒಂದು ಡಾಲರ್ ಟಿಪ್ ಇಡಿ. ವೇದಿಕೆ ಮುಂದೆ ಟಿಪ್ ಬಕೆಟ್ ಬಂದರೆ ಅದಕ್ಕೆ ಇನ್ನೂ ಜಾಸ್ತಿ ಹಾಕಿ. ಸಣ್ಣ ಕ್ಲಬ್ಬಿನ ಸಂಗೀತಗಾರರಿಗೆ ಆ ದುಡ್ಡು ನಿಜಕ್ಕೂ ಬೇಕು.

ಬಟ್ಟೆ?

ಜೀನ್ಸ್, ಶರ್ಟು, ಮುಚ್ಚಿದ ಶೂ. ಚಪ್ಪಲಿ ಬೇಡ, ಕಾಲು ತುಳಿಸಿಕೊಳ್ಳುತ್ತೀರಿ.

ಕಿವಿಗೆ ಏನಾದರೂ ಹಾಕಿಕೊಳ್ಳಬೇಕಾ? ಅದು ಹೇಡಿತನ ಅಲ್ವಾ?

ಖಂಡಿತ ಹಾಕಿಕೊಳ್ಳಬೇಕು. ದಯವಿಟ್ಟು ಇದೊಂದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ ಹೇಳುವ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದ ಹಾಗೆ ಸಮಯ ಅರ್ಧ ಆಗುತ್ತಾ ಹೋಗುತ್ತದೆ. 100 ಡೆಸಿಬೆಲ್‌ಗೆ ಬಂದಾಗ ಉಳಿಯುವುದು 15 ನಿಮಿಷ. ರಾಕ್ ಶೋ 100ರ ಆಸುಪಾಸಿನಲ್ಲೇ ಇರುತ್ತದೆ, ಅದೂ ಎರಡು ಗಂಟೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಪುನಃ ಹುಟ್ಟುವುದಿಲ್ಲ. ಮರುದಿನ ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ ಪೆಟ್ಟು ಬಿದ್ದಿದೆ ಅಂತ ಲೆಕ್ಕ.

ಮೆಡಿಕಲ್ ಶಾಪಿನ ಸ್ಪಂಜಿನ ಇಯರ್‌ಪ್ಲಗ್ ಸದ್ದನ್ನು ಮಂಕು ಮಾಡುತ್ತದೆ. ಸಂಗೀತಗಾರರು ಹಾಕಿಕೊಳ್ಳುವಂಥ ಫಿಲ್ಟರ್ ಇಯರ್‌ಪ್ಲಗ್ ತೆಗೆದುಕೊಂಡರೆ ಸ್ವರಗಳು ಹಾಗೇ ಉಳಿದು ಸದ್ದು ಮಾತ್ರ ತಗ್ಗುತ್ತದೆ. ಹಾಡಿನ ಮಾತು ಕೂಡ ಸ್ಪಷ್ಟ ಕೇಳುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಸದ್ದು 93 ಡೆಸಿಬೆಲ್ ದಾಟುವ ಕಾರ್ಯಕ್ರಮದವರು ಇಯರ್‌ಪ್ಲಗ್ ಪುಕ್ಕಟೆ ಕೊಡಲೇಬೇಕು. ಬೇರೆ ಕಡೆಯೂ ಬಾರಿನಲ್ಲಿ ಕೇಳಿದರೆ ಸಿಗುವುದುಂಟು.

ಎಲ್ಲಿ ನಿಂತರೆ ಚೆನ್ನಾಗಿ ಕೇಳುತ್ತದೆ?

ಸೌಂಡ್ ಮಿಕ್ಸಿಂಗ್ ಮಾಡುವವರ ಮೇಜಿನ ಪಕ್ಕ. ಅವರು ತಮ್ಮ ಕಿವಿಗೆ ಸರಿ ಮಾಡಿಕೊಳ್ಳುವುದು ಅಲ್ಲೇ ಅಲ್ವಾ? ಆದರೆ ನೋಡಬೇಕು ಅಂತ ಆಸೆ ಇದ್ದರೆ ಮುಂದೆ, ಸ್ಪೀಕರಿನ ಬಾಯಿಗೆ ನೇರ ನಿಲ್ಲದೆ, ಸ್ವಲ್ಪ ಬದಿಗೆ.

ಯಾವಾಗ ಚಪ್ಪಾಳೆ? ಯಾವಾಗ ಸುಮ್ಮನಿರಬೇಕು? ಜನ ನಡುವೆಯೇ ಕೂಗುತ್ತಾರಲ್ಲ.

ಕೂಗಬಹುದು. ಸೋಲೋ ಮುಗಿದ ಕೂಡಲೇ, ಹಾಡು ನಡೆಯುತ್ತಿದ್ದ ಹಾಗೆಯೇ ಚಪ್ಪಾಳೆ ಬೀಳುತ್ತದೆ. ತಾಳ ಹಾಕುವುದಾದರೆ ನಾಲ್ಕರಲ್ಲಿ ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ತಟ್ಟಿ. ಅಲ್ಲೇ ಸ್ನೇರ್ ಡ್ರಮ್ ಬೀಳುವುದು. ನಮ್ಮ ಕೈ ಅಭ್ಯಾಸದಲ್ಲಿ ಒಂದಕ್ಕೆ ಹೋಗುತ್ತದೆ. ಸ್ವಲ್ಪ ಹೊತ್ತು ಡ್ರಮ್ಮರನ್ನು ನೋಡಿದರೆ ಸರಿ ಆಗುತ್ತದೆ.

ನೀವು ಪಾರ್ತಿಸುಬ್ಬನ ನೆಲದವರು. ಬಯಲಾಟ ನೋಡಿ ಬೆಳೆದವರಿಗೆ ಇದರಲ್ಲಿ ಒಂದು ದೊಡ್ಡ ಅನುಕೂಲ ಉಂಟು. ಭಾಗವತರು ಒಂದು ಪದವನ್ನು ಎಷ್ಟು ಸಲ ಎತ್ತಿ ಹಾಡಬೇಕು ಅಂತ ವೇಷಧಾರಿಯನ್ನು ನೋಡಿಕೊಂಡು ನಿರ್ಧರಿಸುತ್ತಾರೆ. ಚೆಂಡೆಯವರ ಕಣ್ಣು ವೇಷದ ಕಾಲಿನ ಮೇಲೆ. ಇಲ್ಲಿಯೂ ಹಾಗೇ. ಸೋಲೋ ಎಷ್ಟು ಸುತ್ತು ಹೋಗಬೇಕು ಅಂತ ಯಾರೂ ಬರೆದಿಟ್ಟಿರುವುದಿಲ್ಲ. ಗಿಟಾರ್‌ನವರು ಮುಖ ತಿರುಗಿಸಿ ಒಂದು ನೋಟ ಕೊಟ್ಟರೆ ಡ್ರಮ್ಮರ್‌ಗೆ ಗೊತ್ತಾಗುತ್ತದೆ, ಬೇಸ್ ಗಿಟಾರ್‌ನವರಿಗೂ ಗೊತ್ತಾಗುತ್ತದೆ. ಆ ನೋಟಗಳನ್ನು ಗಮನಿಸಿ.

ನಿಧಾನದ ಹಾಡಿನಲ್ಲಿ ಗಿಟಾರ್‌ನವರ ಬಲಗೈ ಕಿರುಬೆರಳನ್ನು ನೋಡಿ. ತಂತಿ ಮೀಟುತ್ತಾ ಮೀಟುತ್ತಾ ಅದು ಕೆಳಗಿನ ವಾಲ್ಯೂಮ್ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತದೆ. ಆಂಪಿನ (ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆಯ) ಗರಗರ ಹೋಗಿ ತಂತಿಯ ಬರೀ ದನಿ ಉಳಿಯುತ್ತದೆ. ಬ್ಯಾಂಡ್ ಎಲ್ಲ ಅದರ ಹಿಂದೆಯೇ ತಗ್ಗುತ್ತದೆ. ಡ್ರಮ್ಮರ್ ಕೋಲಿನ ತುದಿಯಿಂದ ಮಾತ್ರ ತಾಗಿಸುತ್ತಾರೆ. ಗಾಯಕರು ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದು ಬರೀ ಬಾಯಲ್ಲಿ ಹಾಡುತ್ತಾರೆ. ಆಗ ಮಾತಾಡಬೇಡಿ, ಗ್ಲಾಸು ಕೂಡ ಮೆಲ್ಲ ಇಡಿ. ಮೌತ್ ಹಾರ್ಪ್, ಅಂದರೆ ಹಾರ್ಮೋನಿಕಾ ಇದ್ದರಂತೂ ಭಾಗ್ಯ. ಅದನ್ನೂ ಒಂದು ಗುಂಡು ಮೈಕನ್ನೂ ಎರಡು ಅಂಗೈಯೊಳಗೆ ಸೇರಿಸಿ ಮುಚ್ಚಿ, ಆಂಪಿಗೆ ಹಾಕಿ ಊದುತ್ತಾರೆ. ಲಿಟಲ್ ವಾಲ್ಟರ್ 1950ರ ದಶಕದಲ್ಲಿ ಹಾಕಿಕೊಟ್ಟ ದಾರಿ ಅದು. ಕೈ ತೆರೆದರೆ ಒಂದು ದನಿ, ಮುಚ್ಚಿದರೆ ಇನ್ನೊಂದು.

ವಿಡಿಯೋ ಮಾಡಬಹುದಾ?

ಒಂದು ಹಾಡಿನ ಸ್ವಲ್ಪ ಭಾಗ ಮಾಡಿ, ಫೋನ್ ಒಳಗೆ ಇಡಿ. ಫ್ಲ್ಯಾಶ್ ಬೇಡವೇ ಬೇಡ. ಹಿಂದೆ ನಿಂತವರೂ ದುಡ್ಡು ಕೊಟ್ಟು ಬಂದವರು. ನೆನಪಿಗೆ ಏನಾದರೂ ಬೇಕು ಅಂದರೆ ಹೊರಗಿನ ಮರ್ಚ್ ಟೇಬಲಿನಲ್ಲಿ ಒಂದು ಸಿ.ಡಿ. ತೆಗೆದುಕೊಳ್ಳಿ. ಸಣ್ಣ ಬ್ಯಾಂಡಿನವರು ಅಲ್ಲೇ ನಿಂತಿರುತ್ತಾರೆ, ಸಹಿ ಹಾಕಿ ಕೊಡುತ್ತಾರೆ.

ಹುಡುಗಿಯರು ಒಬ್ಬರೇ ಹೋಗಬಹುದಾ?

ಹೋಗಬಹುದು, ಹೋಗುತ್ತಾರೆ. ಬ್ಲೂಸ್ ಕ್ಲಬ್ಬಿಗೆ ಬರುವವರಲ್ಲಿ ನಡುವಯಸ್ಸಿನವರು, ಗಂಡ ಹೆಂಡತಿ ಜೋಡಿಗಳು ಜಾಸ್ತಿ. ನುಗ್ಗಾಟ ಇರುವುದಿಲ್ಲ. ಎಲ್ಲಿಗೆ ಹೋಗುತ್ತೇನೆ ಅಂತ ರೂಮ್‌ಮೇಟಿಗೆ ಹೇಳಿ, ಲೊಕೇಶನ್ ಹಂಚಿಕೊಳ್ಳಿ, ಗ್ಲಾಸನ್ನು ಕೈಯಿಂದ ಬಿಡಬೇಡಿ. ಯಾರಾದರೂ ಕಾಟ ಕೊಟ್ಟರೆ ಸೀದಾ ಬಾರ್‌ನವರಿಗೋ ಬಾಗಿಲಿನವರಿಗೋ ಹೇಳಿ. ಬ್ರಿಟನ್ನಿನ ಅನೇಕ ಬಾರುಗಳಲ್ಲಿ ‘ಏಂಜೆಲಾ ಇದ್ದಾರಾ?’ ಅಂತ ಕೇಳಿದರೆ ಸಾಕು, ನಿಮಗೆ ಸಹಾಯ ಬೇಕು ಅಂತ ಅವರಿಗೆ ಅರ್ಥ ಆಗುತ್ತದೆ. 2016ರಲ್ಲಿ ಲಿಂಕನ್‌ಶೈರ್‌ನಲ್ಲಿ ಶುರುವಾದ ಕ್ರಮ ಅದು.

ನಮ್ಮ ಮಗ ರಾತ್ರಿ ಹನ್ನೆರಡರವರೆಗೆ ಇಂಥ ಜಾಗದಲ್ಲಿ ಇರುತ್ತಾನೆ. ಹೆದರಬೇಕಾ? (ಊರಿನಿಂದ ಒಬ್ಬ ಅಮ್ಮ)

ಹೆದರಬೇಡಿ ಅಮ್ಮ. ಶಿಕಾಗೋದ ರಾತ್ರಿ ಒಂಬತ್ತು ಅಂದರೆ ನಿಮಗೆ ಬೆಳಿಗ್ಗೆ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ. ನೀವು ದೋಸೆ ಹೊಯ್ಯುವ ಹೊತ್ತಿಗೆ ಅವನು ಹಾಡು ಕೇಳುತ್ತಾ ಇರುತ್ತಾನೆ. ಮನೆಗೆ ಮುಟ್ಟಿದ ಮೇಲೆ ಒಂದು ಮೆಸೇಜ್ ಹಾಕು ಅಂತ ಹೇಳಿಡಿ. ಮಧ್ಯದಲ್ಲಿ ಕರೆ ಮಾಡಿದರೆ ಅವನಿಗೆ ಕೇಳುವುದಿಲ್ಲ. ಹೊಸ ಊರಿನಲ್ಲಿ ಕೆಲಸ, ರೂಮು, ಫೋನು ಬಿಟ್ಟು ಬೇರೆ ಏನೂ ಇಲ್ಲದೆ ಒಬ್ಬರೇ ಕೂತಿರುವ ಮಕ್ಕಳ ಬಗ್ಗೆ ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಆಗುತ್ತದೆ.

ಗಿಟಾರ್ ಬರುತ್ತದೆ. ನನಗೂ ನುಡಿಸಲಿಕ್ಕೆ ಬಿಡುತ್ತಾರಾ?

ಓಪನ್ ಜ್ಯಾಮ್ ಇರುವ ರಾತ್ರಿ ಹೋಗಿ. ವಾರದ ನಡುವಿನ ದಿನಗಳಲ್ಲಿ ಇರುವುದು ಜಾಸ್ತಿ. ಬಾಗಿಲ ಹತ್ತಿರ ಒಂದು ಹಾಳೆ ಇರುತ್ತದೆ, ಹೆಸರು, ವಾದ್ಯ ಬರೆಯಿರಿ. ಕರೆದಾಗ ಹತ್ತಿ, ಯಾವ ಶ್ರುತಿ ಅಂತ ಕೇಳಿಕೊಳ್ಳಿ. ‘ಶಫಲ್ ಇನ್ ಎ’ ಅಂದರೆ ಎ ಶ್ರುತಿಯಲ್ಲಿ 12 ಬಾರ್, ಓಲಾಡುವ ನಡೆ. ಬೇರೆಯವರು ಹಾಡುವಾಗ ಮೆಲ್ಲ ನುಡಿಸಿ, ನಿಮಗೆ ಸನ್ನೆ ಮಾಡಿದಾಗ ಎರಡು ಸುತ್ತು ನುಡಿಸಿ ಬಿಟ್ಟುಕೊಡಿ. ಸ್ಟೂಡೆಂಟ್ ವೀಸಾದಲ್ಲಿ ಇರುವವರು ದುಡ್ಡಿಗೆ ಕಾರ್ಯಕ್ರಮ ಒಪ್ಪಿಕೊಳ್ಳಬೇಡಿ, ವೀಸಾಕ್ಕೇ ತೊಂದರೆ ಆಗುತ್ತದೆ.

ನಾನು ದುಬೈಯಲ್ಲಿ. ಇಲ್ಲಿ ಇಂಥದ್ದು ಸಿಗುತ್ತದಾ?

ಶಿಕಾಗೋ, ಲಂಡನ್ನಿನ ಹಾಗೆ ಬೀದಿ ಬೀದಿಯಲ್ಲಿ ಇಲ್ಲ. ದೊಡ್ಡ ಹೆಸರಿನವರು ಬಂದರೆ 2019ರಲ್ಲಿ ತೆರೆದ ಕೋಕಾ-ಕೋಲಾ ಅರೇನಾದಂಥ ಕಡೆ. ಉಳಿದಂತೆ ಹೋಟೆಲುಗಳ ಒಳಗಿನ ಬಾರುಗಳಲ್ಲಿ ಬ್ಯಾಂಡುಗಳು ನುಡಿಸುತ್ತವೆ. ಅಲ್ಲಿ 21ರ ನಿಯಮ ಗಟ್ಟಿ, ಎಮಿರೇಟ್ಸ್ ಐಡಿ ಕೈಯಲ್ಲಿ ಇರಲಿ.

ಊರಿಗೆ ತಿರುಗಿ ಬಂದ ಮೇಲೆ?

ಮುಂಬೈ ಬಾಂದ್ರಾದ ಮೆಹಬೂಬ್ ಸ್ಟುಡಿಯೋದಲ್ಲಿ ಮಹೀಂದ್ರಾ ಬ್ಲೂಸ್ ಫೆಸ್ಟಿವಲ್ 2011ರಲ್ಲಿ ಶುರುವಾಯಿತು. ಬಡ್ಡಿ ಗೈ ಅಲ್ಲಿಗೆ ಒಂದಕ್ಕಿಂತ ಜಾಸ್ತಿ ಸಲ ಬಂದು ನುಡಿಸಿದ್ದಾರೆ. ಹೆಚ್ಚಾಗಿ ಫೆಬ್ರವರಿಯಲ್ಲಿ ಇರುತ್ತದೆ. ಕಾಸರಗೋಡಿನಲ್ಲಿ ನೇತ್ರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಮುಂಬೈ. ನಮ್ಮ ದೇಶದ್ದೇ ಬ್ಯಾಂಡ್ ಕೇಳಬೇಕು ಅಂದರೆ ಶಿಲ್ಲಾಂಗಿನ ಸೋಲ್‌ಮೇಟ್ ಇದೆ. ರೂಡಿ ವಾಲಾಂಗ್ ಗಿಟಾರ್, ತಿಪ್ರಿತಿ ಖರ್‌ಬಂಗರ್ ಹಾಡು, 2003ರಿಂದ. ತಿಪ್ರಿತಿ ಅವರ ಗಂಟಲು ಕೇಳಿದವರು ಯಾವ ದೇಶದ ಬ್ಯಾಂಡ್ ಅಂತ ವಿಚಾರಿಸಲಿಕ್ಕೆ ಹೋಗುವುದಿಲ್ಲ. ಟಿಕೆಟ್ ತೆಗೆಯುವ ಮೊದಲು ರೈಲಿನ ರಿಸರ್ವೇಶನ್ ನೋಡಿ. ಆ ಸಮಯದಲ್ಲಿ ನೇತ್ರಾವತಿಯಲ್ಲಿ ಸ್ಲೀಪರ್ ಬೇಗ ತುಂಬುತ್ತದೆ.